ಏನೂ ಇಲ್ಲದ ಬಾಟಲಿ

ಬೆಳಕು ಹರಿಯುವ ಹೊತ್ತು. ಮೀನು ಪರೀಕ್ಷಿಸುವ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ತೊಳೆದದ್ದೆಲ್ಲ ಫಳಫಳ ಹೊಳೆಯುವುದರಿಂದ ಎಲ್ಲರೂ ಫಳಫಳಕ್ಕ ಎಂದೇ ಕರೆಯುವ ಹೆಂಗಸು ತಮ್ಮ ಉಂಗುರ, ಓಲೆ, ಬಳೆ ಎಲ್ಲ ಕಳಚಿ ಗೂಡಿನಲ್ಲಿಡುತ್ತಾರೆ. ಮೊಣಕೈವರೆಗೆ ಕೈಗವಸು ಏರಿಸಿ, ರಾತ್ರಿಯಿಡೀ ಆಸಿಡ್‌ನಲ್ಲಿ ನೆನೆದ ಪ್ಲಾಸ್ಟಿಕ್ ಬಾಟಲಿಗಳನ್ನು ಶುದ್ಧ ನೀರಿನಲ್ಲಿ ಜಾಲಿಸುತ್ತಾರೆ. ಐದು ಸಲ. ಅನುಮಾನ ಬಂದರೆ ಆರನೆಯದು. ಅನುಮಾನವಂತೂ ದಿನಾ ಬರುತ್ತದೆ.

"ಮೈಮೇಲೆ ಚೂರು ಲೋಹ ಇರಬಾರದು. ನನ್ನ ಉಂಗುರ ತಾಗಿದ್ರೂ ಪಾಪ, ಮೀನಿನ ತಲೆಗೇ ಕಟ್ತಾರೆ" ಎಂದು ನಗುತ್ತಾರೆ.

ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಬಂದವರು ಇವರು. ಚಹಾದ ಲೋಟ ತೊಳೆಯುವ ಪರಿ ನೋಡಿದ ವಿಜ್ಞಾನಿ ಮೇಡಂ, "ಲೋಟ ಸಾಕು, ಬಾ ಈ ಕಡೆ" ಎಂದರು. ಇಪ್ಪತ್ತು ವರ್ಷವಾಯಿತು. ವರದಿಯಲ್ಲಿ ಇವರ ಹೆಸರಿಲ್ಲ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು, ಪ್ಲಾಂಕ್ಟನ್, ತೇಲುತ್ತವೆ. ಕಾರ್ಖಾನೆಯ ಸೀಸ, ಪಾದರಸ ಮೊದಲು ಸೇರುವುದು ಅವುಗಳ ಒಡಲಿಗೆ, ಅಲ್ಲಿಂದ ಅವನ್ನು ತಿನ್ನುವ ಮೀನಿಗೆ, ಆಮೇಲೆ ನಮ್ಮ ತಟ್ಟೆಗೆ. ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಇಣುಕಿದ್ದು ಇವರಿಗೆ ಮರೆತಿಲ್ಲ. "ಅಯ್ಯೋ, ಎಷ್ಟು ಚಂದ ಇದ್ವು! ಅವಕ್ಕೆ ವಿಷ ಉಣಿಸೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?"

ಕಳೆದ ವರ್ಷ ಅಳಿವೆಯ ಮೀನಿನಲ್ಲಿ ಸೀಸ ಸಿಕ್ಕಿತು. ಹೊಳೆಯ ಮೇಲ್ಭಾಗದಲ್ಲಿರುವ ಬಣ್ಣದ ಕಾರ್ಖಾನೆಯವರು ತಕರಾರು ತೆಗೆದರು: ಮೀನಿಗೇನೂ ಆಗಿಲ್ಲ, ನಿಮ್ಮ ಬಾಟಲಿಯೇ ಕೊಳಕು! ಪ್ರತಿ ಸಲ ಮೀನಿನ ಮಾದರಿ ತುಂಬಿ ತರುವ ಬಾಟಲಿಗಳ ಜೊತೆ, ದೋಣಿಯಲ್ಲಿ ಬರೀ ಶುದ್ಧ ನೀರು ತುಂಬಿದ ಒಂದು ಬಾಟಲಿಯೂ ಹೋಗಿ ಬರುತ್ತದೆ, ತೊಳೆದದ್ದು ಸರಿಯೇ ಎಂದು ನೋಡಲಿಕ್ಕೆ. ಅದನ್ನು ಪರೀಕ್ಷಿಸಿದರೆ ಏನೂ ಇಲ್ಲ. ಕಾರ್ಖಾನೆಯವರ ಬಾಯಿಗೆ ಬೀಗ ಬಿತ್ತು. ಅಳಿವೆಯ ಮೀನುಗಾರಿಕೆಗೂ ಬಿತ್ತು.

ಅದೇ ಅಳಿವೆಯ ಮೀನು ಮಾರಿ ಬದುಕುತ್ತಿದ್ದವರು ಇವರ ಸ್ವಂತ ಅಕ್ಕ. "ಒಂದು ಬಾಟಲಿ ಕೊಳಕಾಗಿ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ!" ಎಂದವರು ಮಾತು ಬಿಟ್ಟರು.

"ಅಕ್ಕನ ಹೊಟ್ಟೆಪಾಡು ಹೋಗಿದ್ದು ನಿಜ. ಆದ್ರೆ ಆ ಮೀನನ್ನ ದಿನಾ ತಿಂತಿದ್ದದ್ದು ಅವಳ ಮೊಮ್ಮಗಳೇ" ಎನ್ನುತ್ತಾರೆ ಫಳಫಳಕ್ಕ.

ಈಗ ಕಾರ್ಖಾನೆ ತನ್ನ ನೀರನ್ನು ಶುದ್ಧ ಮಾಡಿ ಬಿಡುತ್ತಿದೆಯಂತೆ. ಇವತ್ತಿನ ಮೀನು ಚೊಕ್ಕವಿದ್ದರೆ ಅಳಿವೆ ತೆರೆಯುತ್ತದೆ. ಬಾಟಲಿಯಲ್ಲಿ ತುಸು ಲೋಹ ಉಳಿದರೂ ಕೆಲಸ ಕೆಟ್ಟಿತು. ಅದು ಗೊತ್ತಾಗಿಯೇ ಅಕ್ಕ ಖಾಲಿ ಬುಟ್ಟಿ ಹಿಡಿದು ಕಿಟಕಿಯಾಚೆ ನಿಂತಿದ್ದಾರೆ.

"ಆ ಮೂಲೇದು ಸರಿಯಾಗಿ ತೊಳೆದ್ಯೇನೇ?"

"ಇಷ್ಟ್ಯಾಕೆ ತೊಳೆದೆ ಅಂತ ಬೈದಿದ್ದು ಯಾರಕ್ಕಾ?"

"ಹಳೇದನ್ನ ಯಾಕೆ ಕೆದಕ್ತೀಯ? ಇನ್ನೊಂದ್ಸಲ ಜಾಲಿಸು."

ಫಳಫಳಕ್ಕ ಜಾಲಿಸುತ್ತಾರೆ. ದೋಣಿಯವನು ಕೂಗುತ್ತಾನೆ. ಬಾಟಲಿಗಳ ಪೆಟ್ಟಿಗೆ ಮುಚ್ಚಿ ಅವನ ಕೈಗಿಡುತ್ತಾರೆ.

"ನನ್ನ ಬಾಟಲಿಗೆ ಪ್ರತಿ ಸಲ 'ಏನೂ ಇಲ್ಲ' ಅಂತ ಬರೀತಾರೆ. ಅಕ್ಕನ ಮೀನಿಗೂ ಹಾಗೇ ಬರೀಲಿ ಅಂತ ಆಸೆ. ಇದ್ರೆ, ಇದೆ ಅಂತಾನೇ ಬರೀಲಿ. ನಾನಂತೂ ಏನೂ ಸೇರಿಸಿಲ್ಲ."