ಮರಿಯಪ್ಪ ಶಿಳ್ಳೆ ಬಿಟ್ಟ ಮೂರು ದಿನ

ಹಾರೋಹಳ್ಳಿ ಸುತ್ತಮುತ್ತ ರಾಗಿ ತೂರುವುದರಲ್ಲಿ ಮರಿಯಪ್ಪನದೇ ಹೆಸರು. ನಾಲಿಗೆ ಮಡಚಿ ಉದ್ದಕ್ಕೆ ಶಿಳ್ಳೆ ಹಾಕಿದರೆ ಗಾಳಿ ಬರುತ್ತದೆ, ಆಮೇಲೆ ಮೊರ ಎತ್ತಬೇಕು: ಇದು ಅವನ ಅಪ್ಪನ ಕಾಲದ ಪದ್ಧತಿ. ನಾನು ಓದಿದ ಕಾನ್ವೆಂಟಿನಲ್ಲಿ ಶಿಳ್ಳೆ ಹಾಕಿದರೆ ಬರುತ್ತಿದ್ದುದು ಸಿಸ್ಟರ್.

ಎರಡು ಸಾವಿರದ ಆರರ ಡಿಸೆಂಬರು. ಹೊಸ ಕಾರ್ಖಾನೆಗಳ ತಗಡಿನ ಚಾವಣಿಯಿಂದ ಪಕ್ಕದ ಹೊಲಗಳಿಗೆ ಎಷ್ಟು ಬಿಸಿ ತಾಗುತ್ತದೆಂದು ತಿಳಿಯಲು ಬೆಂಗಳೂರಿನಿಂದ ರಮ್ಯಾ ಎಂಬ ಸಂಶೋಧಕಿ ಬಂದು, ಮರಿಯಪ್ಪನ ಕಣದ ಅಂಚಿಗೆ ಕಂಬ ನೆಟ್ಟಳು. ವಿಜ್ಞಾನಿಗೆ ಕಣವೆಂದರೆ ಕಣ್ಣಿಗೆ ಕಾಣದ್ದು. ಮರಿಯಪ್ಪನಿಗೆ ಸಗಣಿ ಸಾರಿಸಿದ ಒಕ್ಕಣೆಯ ನೆಲ. ಕಂಬದ ತುದಿಯಲ್ಲಿ ಎದುರುಬದುರು ಉಕ್ಕಿನ ಬೆರಳುಗಳು. ಒಂದು ಸದ್ದು ಕಳಿಸುತ್ತದೆ, ಇನ್ನೊಂದು ಹಿಡಿಯುತ್ತದೆ. ಸದ್ದು ತಲುಪಲು ಹಿಡಿದ ಹೊತ್ತಿನಿಂದಲೇ ಗಾಳಿಯ ಓಟ, ಬಿಸಿ ಎರಡೂ ಗೊತ್ತಾಗುತ್ತವೆ, ಸೆಕೆಂಡಿಗೆ ಇಪ್ಪತ್ತು ಸಲ!

"ಇದು ಸದ್ದಿನಿಂದ ಅಳೆಯೋ ಮೆಷೀನು. ಹತ್ರ ಯಾರೂ ಗಲಾಟೆ ಮಾಡದ ಹಾಗೆ ನೋಡ್ಕೊಳ್ಳಿ" ಎಂದು ಹೇಳಿ ಅವಳು ಹೋದಳು. ಮಕ್ಕಳು ಕಂಬ ಹತ್ತದಿರಲಿ ಎಂಬುದಷ್ಟೇ ಅವಳ ಮಾತಿನ ಅರ್ಥ. ಮರಿಯಪ್ಪ ಶಿಳ್ಳೆಯನ್ನೇ ಬಿಟ್ಟ. ಗಾಳಿ ಬಂದು ಬಂದು ಹೋಯಿತು. ಕರೆಯದೆ ಬಂದ ಗಾಳಿಗೆ ಮೊರ ಎತ್ತುವವನಲ್ಲ ಅವನು. ಮೂರು ದಿನ ರಾಗಿ ರಾಶಿ ಹೊಟ್ಟಿನ ಸಮೇತ ಬಿದ್ದಿತ್ತು. ನಾಲ್ಕನೆಯ ದಿನ ಮೂಡಲಲ್ಲಿ ಮೋಡ ಎದ್ದಿತು.

"ಅಲ್ಲ ಕಣಯ್ಯ, ಮಳೆ ಹುಯ್ದ್ರೆ ವರ್ಸದ ರಾಗಿ ಇಲ್ಲೇ ಮೊಳ್ತೋಯ್ತದೆ. ಬಾಯಿಗೆ ಬೀಗ ಹಾಕಂಡಿದ್ದೀಯಾ?" ಎಂದಳು ಹೆಂಡತಿ ಬೈರಮ್ಮ.

"ಮೆಲ್ಲುಗ್ ಮಾತಾಡೆ! ಮೆಷೀನು ಕೇಳಿಸ್ಕಂಡದು."

"ಕೇಳಿಸ್ಕಳ್ಳಿ! ನಿನ್ನ ಕಟ್ಕಂಡು ನಾನ್ ಪಟ್ಟ ಪಾಡ್ನೂ ಒಸಿ ಅಳೀಲಿ!"

ಅಷ್ಟರಲ್ಲಿ ಕಂಬ ನೋಡಲು ರಮ್ಯಾ ಬಂದಳು. ವಿಷಯ ತಿಳಿದು ಬಿದ್ದು ಬಿದ್ದು ನಕ್ಕಳು. "ಅಯ್ಯೋ ಮರಿಯಪ್ನೋರೇ, ಇದರ ಸದ್ದು ಮನುಷ್ಯರ ಕಿವಿಗೇ ಕೇಳ್ಸಲ್ಲ. ನಿಮ್ಮ ಶಿಳ್ಳೆ ಇದಕ್ಕೆ ಲೆಕ್ಕಕ್ಕೇ ಇಲ್ಲ. ಹಾಕಿ!"

ಮರಿಯಪ್ಪ ರಾಗಿ ತೂರುವ ಮುಕ್ಕಾಲಿ ಏರಿ ಶಿಳ್ಳೆ ಹಾಕಿದ. ಎಲೆ ಅಲ್ಲಾಡಲಿಲ್ಲ. ಇನ್ನೊಮ್ಮೆ ಹಾಕಿದ. ಲ್ಯಾಪ್‌ಟಾಪಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ರಮ್ಯಾ ಚೀರಿದಳು: "ನೆಲದ ಬಿಸಿ ಮೇಲೇಳ್ತಿದೆ, ಈಗ ಗಾಳಿ ಬರುತ್ತೆ! ಗೆರೆ ಕುಣೀತಿದೆ! ಎತ್ತಿ, ಮೊರ ಎತ್ತಿ!"

ಬಂತು! ಹೊಟ್ಟು ಹೊಗೆಯಂತೆ ಹಾರಿತು, ರಾಗಿ ಕಾಲ ಬುಡಕ್ಕೆ ಸುರಿಯಿತು. ಬೈರಮ್ಮ ಮೊರ ತುಂಬಿ ತುಂಬಿ ಕೊಟ್ಟಳು. "ತಡೀರಿ... ಈಗ!" ಎಂದು ರಮ್ಯಾ, ನಡುನಡುವೆ ಮರಿಯಪ್ಪನ ಶಿಳ್ಳೆ.

ಕೊನೆಯ ಮೂಟೆ ಒಳಗೆ ಬೀಳುತ್ತಲೇ ಮಳೆ ಹಿಡಿಯಿತು. ಜಗಲಿಗೆ ಓಡಿಬಂದ ರಮ್ಯಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. "ನೋಡಿ, ನೀವು ಸುಮ್ಮನಿದ್ದ ಮೂರು ದಿನವೂ ಇದೇ ಹೊತ್ತಿಗೆ ಗಾಳಿ ಎದ್ದಿದೆ."

"ಎದ್ದಿರ್ತದೆ ಕಣವ್ವ," ಎಂದ ಮರಿಯಪ್ಪ. "ಕರೀನಿಲ್ವಲ್ಲ, ಮರಿಯಪ್ಪಂಗೆ ಏನಾಗೋಯ್ತೋ ಅಂತ ನೋಡಕ್ ಬಂದಿರ್ತದೆ."