ನವೆಂಬರ್ ತಿಂಗಳ ಮೂರು ಬಡಿತ

ದೋಸೆಗೆ ರುಬ್ಬುತ್ತಿದ್ದೆ. ಮೇಲಿನ ಮನೆಯ ಸೊಸೆ ಮೆಟ್ಟಿಲ ಮೇಲಿಂದಲೇ, "ಅಕ್ಕಾ, ನಮ್ಮ ಮಾವಾರು ಹೋಗಿಬಿಟ್ರುರೀ" ಅಂದಳು. ಗ್ರೈಂಡರ್ ನಿಲ್ಲಿಸಿದೆ. ಕಣ್ಣ ಮುಂದೆ ಬಂದದ್ದು ಅವರ ಮುಖವಲ್ಲ, ಬಲಗೈ ಹೆಬ್ಬೆರಳು. ಸ್ಟಾಂಪ್ ಪ್ಯಾಡಿನ ಶಾಯಿ ಹಿಡಿದು ಉಗುರಿನ ಸುತ್ತ ನೀಲಿಗಟ್ಟಿದ್ದ ಬೆರಳು.

ಹುಬ್ಬಳ್ಳಿ ಕಡೆಯವರು. ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಪೆನ್ಷನ್ ಕಾಗದಗಳನ್ನೇ ನೋಡಿ ನಿವೃತ್ತರಾಗಿದ್ದರು. ನಮ್ಮ ಬೀದಿಯಲ್ಲಿ ಯಾರು ನಿವೃತ್ತರಾದರೂ ಫಾರ್ಮು ತುಂಬಲು ಇವರೇ ಬೇಕು. "ದೇವ್ರಿಗೆ ಎರಡು ಕೈ ಮುಗೀರಿ, ಫಾರ್ಮಿಗೆ ಎರಡು ಪ್ರತಿ ಇಡ್ರಿ" ಎನ್ನುತ್ತಿದ್ದರು.

ನಮ್ಮ ಯಜಮಾನರೂ ಅದೇ ಕಾರ್ಖಾನೆಯವರು. ಅವರ ನಿವೃತ್ತಿ ಹತ್ತಿರ ಬಂದಾಗ, ಮೇಲಿನ ಮನೆಯವರು ಫಾರ್ಮಿಗೆ ಗಂಡ ಹೆಂಡತಿ ಕೂಡಿ ಕೂತ ಫೋಟೋ ಬೇಕೆಂದರು.

"ನಂದ್ಯಾಕ್ರಿ?" ಅಂದೆ.

"ನಾಳೆ ಅಂವ ಇಲ್ಲಂದ್ರ ಪೆನ್ಷನ್ ನಿನಗ ಬರಬೇಕಲ್ಲವಾ."

ಕೈ ತಾನಾಗಿ ತಾಳಿಗೆ ಹೋಯಿತು. "ಮುತ್ತೈದಿ ಮುಂದ ಹಿಂಗ ಅಂತಾರೇನ್ರೀ?"

"ಸಾವಿಗೆ ಸಹಿ ಹಾಕಂತಿಲ್ಲ ತಂಗಿ. ಅನ್ನಕ್ಕ ಹಾಕು."

ಯಜಮಾನರು ನಕ್ಕರು. "ಮದುವಿ ಫೋಟೋದಾಗ ಕಣ್ಣು ಮುಚ್ಚೀದಿ. ಇದ್ರಾಗರ ತೆರಿ." ಸ್ಟುಡಿಯೋದವನು ತಮಿಳಿನಲ್ಲಿ "ಸಿರಿಂಗಮ್ಮಾ, ಕೊಂಜಂ ಸಿರಿಂಗ" ಎಂದು ಎಷ್ಟು ಬೇಡಿಕೊಂಡರೂ ನಾನು ನಗಲಿಲ್ಲ.

ನಿವೃತ್ತರಾದ ಎಂಟನೇ ತಿಂಗಳು, ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಯಜಮಾನರು ಅಲ್ಲೇ ಕುಸಿದರು. ಮತ್ತೆ ಏಳಲಿಲ್ಲ. ಐದನೇ ದಿನ ಮೇಲಿನ ಮನೆಯವರು ಪೆನ್ಷನ್ ಫೈಲು ಹಿಡಿದು ಬಂದರು.

"ನಿಮ್ಮ ನಾಲಿಗಿನ ನನ್ನ ಮನಿ ತಿಂತು. ಇನ್ನ ಈ ಹೊಸ್ತಿಲ ತುಳೀಬ್ಯಾಡ್ರಿ" ಅಂದುಬಿಟ್ಟೆ.

ಅವರು ಫೈಲನ್ನು ಹೊಸ್ತಿಲ ಹೊರಗಿಟ್ಟು ಹೋದರು. ನಾನು ಸಹಿ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲಿನ ಚುಕ್ಕೆ ಇತ್ತು.

ಪೆನ್ಷನ್ ಒಂದು ತಿಂಗಳೂ ತಪ್ಪಲಿಲ್ಲ. ಬಾಡಿಗೆಗಾಗಲಿ, ಮಾತ್ರೆಗಾಗಲಿ, ದೇವರ ದೀಪದ ಎಣ್ಣೆಗಾಗಲಿ ಮಗಳ ಮುಂದೆ ಕೈ ಚಾಚಲಿಲ್ಲ. ಶಿವ ಕೊಟ್ಟ ಅನ್ನ ಎನ್ನುತ್ತಿದ್ದೆ. ಯಾರ ಕೈಯಿಂದ ಕೊಡಿಸಿದ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಅವರು ಮತ್ತೆ ಹೊಸ್ತಿಲು ದಾಟಲಿಲ್ಲ. ಆದರೆ ಪೆನ್ಷನ್ ಪಡೆಯುವವರು ಬದುಕಿರುವುದಕ್ಕೆ ಪುರಾವೆ ಕೊಡುವ ನವೆಂಬರ್ ಬಂದರೆ ಬಾಗಿಲಿಗೆ ಮೂರು ಬಡಿತ. "ತಂಗೀ, ಬದುಕೀನಿ ಅಂತ ಬ್ಯಾಂಕಿಗೆ ಹೇಳಿ ಬಾರವಾ." ಅಷ್ಟೇ. ಆಮೇಲೆ ಚಪ್ಪಲಿ ಮೆಟ್ಟಿಲು ಹತ್ತುವ ಸದ್ದು. ನಾನು ಒಳಗೆ ಚಿಲಕ ಹಿಡಿದು ನಿಂತಿರುತ್ತಿದ್ದೆ. ಮೊದಮೊದಲು ಸಿಟ್ಟಿಗೆ ತೆರೆಯಲಿಲ್ಲ, ಆಮೇಲೆ ನಾಚಿಕೆಗೆ.

ಈ ಸಲ ತೆರೆಯಲೇಬೇಕೆಂದಿದ್ದೆ. ನವೆಂಬರ್ ಅರ್ಧ ಕಳೆದಿತ್ತು. ಬಡಿತ ಬಂದಿರಲಿಲ್ಲ.

ಮೇಲೆ ಹೋದೆ. ಮೈಗೆಲ್ಲ ವಿಭೂತಿ ಹಚ್ಚಿ ಕೂರಿಸಿದ್ದರು. ಹೆಬ್ಬೆರಳಿನ ನೀಲಿ ಹಾಗೇ ಇತ್ತು. ಕಾಲು ಮುಟ್ಟಿ, "ತಪ್ಪಾತ್ರಿ ಅಣ್ಣಾ" ಅಂದೆ. ಕೇಳುವ ಕಿವಿ ಎಲ್ಲಿತ್ತು?

ಮಣ್ಣು ಮುಗಿದ ಮೇಲೆ ಸ್ನಾನ ಮಾಡಿ ದೀಪ ಹಚ್ಚಿದೆ. ನೆನೆದ ಅಕ್ಕಿ ಇನ್ನೂ ಹುಳಿ ಬಂದಿರಲಿಲ್ಲ. ಗ್ರೈಂಡರಿನ ಸದ್ದಿಗೆ ಬಡಿತ ಕೇಳದೆ ಹೋದೀತೆಂದು ಬಾಗಿಲು ಪೂರ್ತಿ ತೆರೆದಿಟ್ಟು, ಉಳಿದದ್ದನ್ನು ರುಬ್ಬಿದೆ.