ಉಸಿರು ತಾಗದ ಗಾಜು

ಬೆಳಕು ಹರಿಯುವ ಮುಂಚೆಯೇ ಅವರು ಕಿಟಕಿಯಿಲ್ಲದ ಕೋಣೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಾರೆ. ಒಂದೇ ಒಂದು ಮಂದ ಹಳದಿ ದೀಪ. ರಾತ್ರಿಯಿಡೀ ಒಲೆಯಲ್ಲಿ ಕಾದು ಒಣಗಿದ ಗಾಜಿನ ಬುರುಡೆಯನ್ನು, ಅಂದರೆ ಫ್ಲಾಸ್ಕನ್ನು, ಇಕ್ಕಳದಲ್ಲಿ ಹೊರತೆಗೆದು, ಮುಖ ಪಕ್ಕಕ್ಕೆ ತಿರುಗಿಸಿ, ಬಿರಡೆ ಒತ್ತುತ್ತಾರೆ. ಉಸಿರು ಬಿಡುವುದು ಅದಾದ ಮೇಲೆಯೇ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವರು ಕತ್ತಲಕ್ಕ.

ಕತ್ತಲಕ್ಕ ತಯಾರಿಸುವುದು ಡಿ ವಿಟಮಿನ್ನಿನ ಅವಳಿಯನ್ನು. ಅದರ ಕೆಲವು ಜಲಜನಕಗಳ ಜಾಗದಲ್ಲಿ ಡ್ಯೂಟೀರಿಯಂ, ಅಂದರೆ ತುಸು ಭಾರದ ಜಲಜನಕ, ಕೂತಿರುತ್ತದೆ. ರೂಪ ಅದೇ, ನಡತೆ ಅದೇ, ತೂಕ ಮಾತ್ರ ಬೇರೆ. ಹಸುಗೂಸಿನ ರಕ್ತದ ಹನಿಗೆ ಇದನ್ನು ಅಳೆದು ಬೆರೆಸಿದರೆ, ಅಣುಗಳನ್ನು ತೂಗುವ ಯಂತ್ರ ಎರಡನ್ನೂ ಹೋಲಿಸಿ, ಕೂಸಿನ ಸ್ವಂತ ವಿಟಮಿನ್ ಎಷ್ಟೆಂದು ಹೇಳುತ್ತದೆ. ಎಳೆಯ ಮೂಳೆಗಳ ಭವಿಷ್ಯ ಇಷ್ಟು ಸಣ್ಣ ತೂಕವನ್ನು ನಂಬಿ ನಿಂತಿದೆ.

ಬೆಳಕು ಬಿದ್ದರೆ ಈ ಪುಡಿ ಕೆಡುತ್ತದೆ. ಹಾಗಾಗಿ ಕತ್ತಲಕ್ಕನಿಗೆ ಹಗಲಿನ ಬಹುಪಾಲು ಕತ್ತಲೆಯೇ. ಮನೆಯಲ್ಲಿ ಅತ್ತೆಗೆ ಇದೊಂದು ತಮಾಷೆ.

"ಬೆಳಗಿಂದ ಸಂಜೆವರೆಗೂ ಎಷ್ಟು ಮಾಡಿದೆಯಮ್ಮ?"

"ಒಂದು ಚಿಟಿಕೆಗಿಂತ ಕಮ್ಮಿ, ಅತ್ತೆ."

"ಅಷ್ಟಕ್ಕೆ ಇಷ್ಟು ಹೊತ್ತಾ? ನನ್ನ ಕರೆದಿದ್ರೆ ಒಂದು ಡಬ್ಬಿ ತುಂಬಿ ಕೊಡ್ತಿದ್ದೆ."

ಈ ಸಲ ಆ ಚಿಟಿಕೆಗಾಗಿ ಮಕ್ಕಳ ಆಸ್ಪತ್ರೆಯೊಂದು ಕಾದಿದೆ. ನೂರಾರು ಕೂಸುಗಳ ರಕ್ತದ ಮಾದರಿ ಶೀತಪೆಟ್ಟಿಗೆಯಲ್ಲಿದೆ. ಹಿಂದಿನ ತಯಾರಿ ಕೆಟ್ಟಿತ್ತು. ಬುರುಡೆಯ ಬಾಯಲ್ಲಿ ನೂಲಿನ ಎಳೆಯೊಂದು ಕಂಡು ಕತ್ತಲಕ್ಕ ಉಫ್ ಎಂದು ಊದಿದ್ದರು. ಯಾರಾದರೂ ಊದುತ್ತಾರೆ. ಆದರೆ ಉಸಿರಿನಲ್ಲಿ ತೇವವಿದೆ, ತೇವದಲ್ಲಿ ಸಾಮಾನ್ಯ ಜಲಜನಕವಿದೆ. ಆ ಹಂತದಲ್ಲಿ ಹಸಿದಿರುವ ಅಣು ಭಾರದ್ದಕ್ಕೆ ಕಾಯದೆ, ಮೊದಲು ಸಿಕ್ಕಿದ್ದನ್ನೇ ಕಚ್ಚಿಕೊಂಡಿತು. ಅವಳಿಯ ಜೊತೆ ಮಾಮೂಲಿ ವಿಟಮಿನ್ನೂ ಬೆರೆಯಿತು.

"ಅದು ಹಾಗೇ ಹೋಗಿದ್ರೆ, ಇಲ್ಲದ ವಿಟಮಿನ್ನು ಕೂಸಿನ ಲೆಕ್ಕಕ್ಕೆ ಬೀಳ್ತಿತ್ತು," ಎನ್ನುತ್ತಾರೆ. "ಕೊರತೆ ಇರೋ ಮಗೂನ ಚೆನ್ನಾಗಿದೆ ಅಂತ ಮನೆಗೆ ಕಳಿಸ್ತಿದ್ರು. ನಾನೇ ಹೋಗಿ ಮೇಡಂಗೆ ಹೇಳ್ದೆ, ಊದಿದ್ದು ನಾನು ಅಂತ."

ಪ್ರಯೋಗಾಲಯದ ಮುಖ್ಯಸ್ಥೆಯಾದ ಮೇಡಂ ಬೈಯಲಿಲ್ಲ. ಇನ್ನೊಂದು ಸಲಕ್ಕಾಗುವಷ್ಟೇ ಮೂಲವಸ್ತು ಉಳಿದಿದೆ ಎಂದರು. ಇದೂ ಕೆಟ್ಟರೆ ಆ ರಕ್ತವೆಲ್ಲ ಚರಂಡಿಗೆ.

ಆ ಇನ್ನೊಂದು ಸಲದ ಪುಡಿ ಈಗ ಸಿದ್ಧವಾಗಿದೆ. ಕಂದು ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದು ಕತ್ತಲಕ್ಕ ಯಂತ್ರದ ಕೋಣೆಗೆ ಬರುತ್ತಾರೆ.

"ಅಕ್ಕ, ಈ ಸಲ ಉಸಿರನ್ನ ಮನೇಲೇ ಬಿಟ್ಟು ಬಂದಿದ್ರಾ?" ಯಂತ್ರ ನೋಡಿಕೊಳ್ಳುವವನು ಕೆಣಕುತ್ತಾನೆ.

"ಗೇಟಲ್ಲಿ ಕಟ್ಟಿಹಾಕಿ ಬಂದಿದ್ದೆ ಕಣೋ. ಸುಮ್ನೆ ಹಾಕು."

ಅವನು ಹಾಕುತ್ತಾನೆ. ಪರದೆಯ ಮೇಲೆ ಅವಳಿಯ ಗೆರೆ ಎದ್ದು ನೆಟ್ಟಗೆ ನಿಲ್ಲುತ್ತದೆ. ಕಳೆದ ಸಲ ಅದರ ಎಡಕ್ಕೆ ಇನ್ನೊಂದು ಗಿಡ್ಡ ಗೆರೆಯಿತ್ತು, ಬೆರೆತ ಮಾಮೂಲಿ ವಿಟಮಿನ್ನಿನದು. ಆ ಜಾಗವನ್ನು ಅವನು ಹಿಗ್ಗಿಸುತ್ತಾನೆ, ಮತ್ತೂ ಹಿಗ್ಗಿಸುತ್ತಾನೆ. ಅಲ್ಲಿ ಸಪಾಟಾಗಿಯೇ ಇದೆ, ಗೆರೆಯಿಲ್ಲ.

ಕತ್ತಲಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಎತ್ತರದ ಗೆರೆಯ ಕಡೆ ನೋಡುವುದೇ ಇಲ್ಲ. ಎಡಗಡೆಯ ಖಾಲಿ ಜಾಗಕ್ಕೆ ಬೆರಳು ತೋರಿಸುತ್ತಾರೆ.

"ಇಲ್ಲಿ ಏನೂ ಇಲ್ಲ ನೋಡು. ನಾನು ಮಾಡಿದ್ದು ಅದನ್ನ."